ಕಾಲು ಉಳುಕಿ ನಾಲ್ಕು ತಿಂಗಳಾಯ್ತು, ನೋವು ಹೋಗ್ತಿಲ್ಲ

ಪ್ರಶ್ನೆ: ಅಂಜನಾದ್ರಿ ಬೆಟ್ಟ ಇಳಿಯುವಾಗ ಎಡ ಪಾದ ಒಳಕ್ಕೆ ಮಡಚಿ ಉಳುಕಿತು. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ ಎಂದರು. ಎರಡು ಸಲ ಉಳುಕು ತೆಗೆಸಿದೆ. ಕ್ರೇಪ್ ಬ್ಯಾಂಡೇಜ್ ಈಗಲೂ ಕಟ್ಟುತ್ತೇನೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಾದಿ ಮೇಲೆ ಕೂರುತ್ತೇನೆ. ಸಂಜೆಗೆ ಬಾವು, ಮೆಟ್ಟಿಲು ಇಳಿಯುವಾಗ ನೋವು. ತಗ್ಗುದಿಣ್ಣೆಯಲ್ಲಿ ಕಾಲು ಮತ್ತೆ ಹೊರಳುತ್ತದೆ. ಏನು ಮಾಡಲಿ ಡಾಕ್ಟ್ರೇ?
– ಓದುಗರು, ಗಂಗಾವತಿ

ಉತ್ತರ: 575 ಮೆಟ್ಟಿಲು ಹತ್ತುವಾಗ ಎಲ್ಲರಿಗೂ ಎಚ್ಚರ ಇರುತ್ತದೆ. ಇಳಿಯುವಾಗ ತೊಡೆ ಸೋತಿರುತ್ತದೆ, ಕಣ್ಣು ಕೆಳಗಿನ ಗದ್ದೆ, ಹೊಳೆ ಮೇಲಿರುತ್ತದೆ. ಉಳುಕುವುದು ಆಗಲೇ.

ಎಕ್ಸ್‌ರೇಯಲ್ಲಿ ಲಿಗಮೆಂಟ್, ಅಂದರೆ ಮೂಳೆಗಳನ್ನು ಕೂಡಿಸಿ ಹಿಡಿಯುವ ನಾರಿನ ಪಟ್ಟಿ, ಕಾಣುವುದಿಲ್ಲ. ಪಾದ ಒಳಕ್ಕೆ ಮಡಚಿದರೆ ಸಾಮಾನ್ಯವಾಗಿ ಮೊದಲು ಹರಿಯುವುದು ಹೊರಗಿನ ಹರಡಿನ ಮುಂದಿರುವ ಲಿಗಮೆಂಟ್. ನಾಲ್ಕು ತಿಂಗಳಲ್ಲಿ ಅದು ಬಹುಪಾಲು ಕೂಡಿರುತ್ತದೆ. ಆದರೆ ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳೂ ಅದರೊಳಗೇ ಇವೆ. ಏಟು ಬಿದ್ದ ಮೇಲೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಸ್ನಾಯು ಬಿಗಿಯಾಗುವಷ್ಟರಲ್ಲಿ ಕಾಲು ಹೊರಳಿರುತ್ತದೆ.

ಇವತ್ತೇ ನೋಡಿ. ಹಲ್ಲುಜ್ಜುವಾಗ ಗೋಡೆ ಪಕ್ಕ ಬಲಗಾಲಲ್ಲಿ ನಿಲ್ಲಿ, ಆಮೇಲೆ ಎಡಗಾಲಲ್ಲಿ. ಎಡಪಾದದ ಸ್ನಾಯುಗಳು ಪಟಪಟ ಕುಣಿಯುತ್ತವೆ, ಕೈ ಗೋಡೆ ಹುಡುಕುತ್ತದೆ ಅಲ್ವಾ? ಚಿಕಿತ್ಸೆಯೂ ಅದೇ. ದಿನಾ 30 ಸೆಕೆಂಡಿನಂತೆ ನಾಲ್ಕೈದು ಸಲ ನಿಲ್ಲಿ. ಸಲೀಸಾದ ಮೇಲೆ ಮಡಚಿದ ಕೌದಿ ಮೇಲೆ ನಿಲ್ಲಿ.

ಇನ್ನೊಂದು: ಹಳೇ ಸೈಕಲ್ ಟ್ಯೂಬನ್ನು ಮಂಚದ ಕಾಲಿಗೆ ಕಟ್ಟಿ, ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ಜಗ್ಗಿ. ಹೊರಳುವ ಪಾದವನ್ನು ಹಿಡಿದು ನಿಲ್ಲಿಸುವ ಸ್ನಾಯುವಿಗೆ ಬಲ ಬರುತ್ತದೆ. ಜೊತೆಗೆ ಹಿಮ್ಮಡಿ ಎತ್ತಿ ಇಳಿಸುವುದು, 15ರಂತೆ ಮೂರು ಸಲ.

ಮೆಟ್ಟಿಲಿಳಿಯುವಾಗಿನ ನೋವಿಗೆ ಬಿಗಿತ ಕಾರಣವಿರಬಹುದು. ಹೆಬ್ಬೆರಳನ್ನು ಗೋಡೆಯಿಂದ 10 ಸೆಂಟಿಮೀಟರ್ ದೂರ ಇಟ್ಟು, ಹಿಮ್ಮಡಿ ಎತ್ತದೆ ಮೊಣಕಾಲು ಗೋಡೆಗೆ ತಾಗಿಸಿ. ಬಲಗಾಲಿಗೆ ಆಗಿ ಎಡಗಾಲಿಗೆ ಆಗದಿದ್ದರೆ, ಹತ್ತಿರದಿಂದ ಶುರುಮಾಡಿ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಸರಿಯಿರಿ.

ಬ್ಯಾಂಡೇಜನ್ನು ನಿಧಾನವಾಗಿ ಬಿಡಿ. ಉಳುಕು ತೆಗೆಸುವುದು ಮಾತ್ರ ಇಂದೇ ಬಂದ್. ಕೂಡುತ್ತಿರುವುದನ್ನು ತಿರುಚಿ ಜಗ್ಗಿದರೆ ಮತ್ತೆ ಹರಿಯಬಹುದು. ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿದರೂ ಪಾದ ಒಳಕ್ಕೇ ಮಡಚಿ ಅದೇ ಜಾಗ ಜಗ್ಗುತ್ತದೆ. ಸ್ವಲ್ಪ ದಿನ ಸ್ಟೂಲ್ ಹಾಕಿಕೊಳ್ಳಿ, ಗಿರಾಕಿಗಳು ಏನೂ ಅಂದುಕೊಳ್ಳುವುದಿಲ್ಲ.

ವ್ಯಾಯಾಮದಲ್ಲಿ ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಬಾವು ಜಾಸ್ತಿಯಾದರೆ ಅರ್ಧಕ್ಕೆ ಇಳಿಸಿ. ಕೀಲು ಒಳಗೆ ಸಿಕ್ಕಿಕೊಂಡಂತಾದರೆ, ಹರಡಿನ ಮೂಳೆ ಒತ್ತಿದರೆ ನೋವಾದರೆ, ಎಂಟು ವಾರ ವ್ಯಾಯಾಮ ಮಾಡಿದರೂ ಹೊರಳುವುದು ನಿಲ್ಲದಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಎಂಆರ್‌ಐ ಬೇಕಾಗಬಹುದು.

ಎಡಗಾಲೊಂದರಲ್ಲೇ ಬಲಗಾಲಿನಷ್ಟು ಹೊತ್ತು ಗಟ್ಟಿಯಾಗಿ ನಿಂತ ಮೇಲೆ ಬೆಟ್ಟ ಹತ್ತಿ. ಇಳಿಯುವಾಗ ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ.