ಕ್ಯಾಲಿಪರ್ ಬೋಲ್ಟಿಗೆ ಗ್ರೀಸ್ ಹಚ್ಚಿದವರಿಗೆ

ನಿನ್ನೆ ನೀವು ಹಾಕಿದ ಚಿತ್ರ ನೋಡಿ ಸುಮ್ಮನಿರಲಾಗಲಿಲ್ಲ. ಡಿಸ್ಕ್ ಬ್ರೇಕಿನ ಪ್ಯಾಡ್ ಬದಲಿಸುವಾಗ, ಕ್ಯಾಲಿಪರನ್ನು (ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಭಾಗ) ಹೊರುವ ಬ್ರಾಕೆಟ್ಟಿನ ಬೋಲ್ಟುಗಳಿಗೆ ತಾಮ್ರದ ಗ್ರೀಸ್, ಕ್ಯಾಲಿಪರ್ ಆಚೀಚೆ ಜಾರುವ ಸ್ಲೈಡ್ ಪಿನ್ನುಗಳಿಗೂ ಅದೇ ಗ್ರೀಸ್, ಪಿನ್ನಿಗೆ ಕ್ಯಾಲಿಪರನ್ನು ಹಿಡಿಸುವ ಚಿಕ್ಕ ಬೋಲ್ಟುಗಳಿಗೆ ಕೆಂಪು ಲಾಕ್ಟೈಟ್, ಅಂದರೆ ಬೋಲ್ಟು ಸಡಿಲವಾಗದಂತೆ ಥ್ರೆಡ್ಡಿಗೆ ಹಾಕುವ ಅಂಟು. ಮೇಲಿಂದ ‘ಎಲ್ಲವನ್ನೂ ಪುಸ್ತಕದಲ್ಲಿರುವ ಟಾರ್ಕಿಗೇ ಬಿಗಿದಿದ್ದೇನೆ’ ಎಂಬ ಸಮಾಧಾನ ಬೇರೆ (ಟಾರ್ಕ್ ಎಂದರೆ ಬೋಲ್ಟನ್ನು ತಿರುಗಿಸಿ ಬಿಗಿಯುವ ಬಲದ ಅಳತೆ). ಆ ಕೊನೆಯ ಮಾತೇ ನನ್ನನ್ನು ಕೆಣಕಿದ್ದು. ಅದೇ ಸಮಾಧಾನದಲ್ಲಿ ನಾನೂ ಒಮ್ಮೆ ಕೆಟ್ಟವನು.

ನನ್ನದು ಬೈಕಿನ ಮುಂದಿನ ಕ್ಯಾಲಿಪರ್. ಎರಡು ಎಂ10 (10 ಮಿ.ಮೀ. ದಪ್ಪದ) ಬೋಲ್ಟುಗಳು, ಎರಡೂ ಫೋರ್ಕಿನ ಅಲ್ಯೂಮಿನಿಯಮ್ಮಿಗೆ ಹೋಗುವಂಥವು. ಮುಂದಿನ ಸಲ ಬಿಚ್ಚುವಾಗ ಸುಲಭವಾಗಲಿ ಎಂದು ತಾಮ್ರದ ಗ್ರೀಸನ್ನು ಥ್ರೆಡ್ಡಿಗೂ ತಲೆಯ ಕೆಳಗೂ ಧಾರಾಳವಾಗಿ ಬಳಿದು, ಇಟ್ಟ ಟಾರ್ಕ್ ಮುಟ್ಟಿದಾಗ ಕ್ಲಿಕ್ ಎನ್ನುವ ಟಾರ್ಕ್ ರೆಂಚನ್ನು 35 ನ್ಯೂಟನ್ ಮೀಟರಿಗೆ ಇಟ್ಟೆ. ಮೊದಲನೆಯದು ಕ್ಲಿಕ್ ಎಂದಿತು. ಎರಡನೆಯದು ಕ್ಲಿಕ್ ಎನ್ನುವ ಮೊದಲೇ ಕೈಗೆ ಮೆತ್ತಗಾಯಿತು. ಬಿಗಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಹಗುರಾಗಿ ತಿರುಗತೊಡಗಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಹೊರಗೆ ತೆಗೆದರೆ ಬೋಲ್ಟಿನ ಸುತ್ತ ಬೆಳ್ಳಗಿನ ಅಲ್ಯೂಮಿನಿಯಮ್ ಎಳೆ, ಪೆನ್ನಿನ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಬಂದಿತ್ತು. ಫೋರ್ಕಿನ ಥ್ರೆಡ್ಡೇ ಕಿತ್ತು ಬಂದಿತ್ತು. ಆಮೇಲೆ ರಂಧ್ರ ಕೊರೆದು ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ತಂತಿಯ ಸುರುಳಿ) ಹಾಕಿಸಿದ್ದು ಇನ್ನೊಂದು ಕಥೆ.

ರೆಂಚ್ ಸರಿಯಾಗಿಯೇ ಇತ್ತು, ತಪ್ಪು ನನ್ನದು. ನಾವು ಹಾಕುವ ಟಾರ್ಕಿನಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತದೆ, ಶೇ. 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ಬೋಲ್ಟನ್ನು ನಿಜವಾಗಿ ಎಳೆದು ಹಿಡಿಯುವುದಕ್ಕೆ ಉಳಿಯುವುದು ಶೇ. 10ರ ಆಸುಪಾಸು. ಗ್ರೀಸ್ ಬಳಿದು ಘರ್ಷಣೆ ತಗ್ಗಿಸಿದರೆ ಉಳಿದದ್ದೆಲ್ಲ ಎಳೆತಕ್ಕೆ ಸೇರುತ್ತದೆ. 35 ನ್ಯೂಟನ್ ಮೀಟರಿಗೆ ಒಣ ಎಂ10 ಬೋಲ್ಟು ಅಂದಾಜು 17 ಕಿಲೋನ್ಯೂಟನ್ ಎಳೆದರೆ, ತಾಮ್ರದ ಗ್ರೀಸ್ ಹಚ್ಚಿದ ಅದೇ ಬೋಲ್ಟು 25 ದಾಟಬಹುದು. ರೆಂಚಿಗೆ ಇದು ಗೊತ್ತಾಗುವುದಿಲ್ಲ, ಅದು ತನ್ನ ಲೆಕ್ಕಕ್ಕೆ ಕ್ಲಿಕ್ ಎನ್ನುತ್ತದೆ ಅಷ್ಟೆ. ಪುಸ್ತಕದ ಅಂಕಿ ಒಣ ಥ್ರೆಡ್ಡಿಗೆ ಕೊಟ್ಟದ್ದಾದರೆ ಥ್ರೆಡ್ ಒಣಗಿಯೇ ಇರಬೇಕು. ‘ಗ್ರೀಸ್ ಹಚ್ಚಿದರೆ ಟಾರ್ಕ್ ಸ್ವಲ್ಪ ಕಡಿಮೆ ಮಾಡಿದರಾಯಿತು’ ಎನ್ನುವವರೂ ಇದ್ದಾರೆ. ಎಷ್ಟು ಕಡಿಮೆ ಎಂದು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಬ್ರೇಕಿನಲ್ಲಿ ಆ ಅಂದಾಜಿನ ಆಟ ಬೇಡ.

ಇಲ್ಲಿ ಒಂದು ಮಾತು ಸೇರಿಸಬೇಕು. ಥ್ರೆಡ್‌ಲಾಕರ್ ಎಂಬ ಲಾಕ್ಟೈಟಿನಂಥ ಅಂಟು ಕೂಡ ಹಸಿಯಾಗಿರುವಾಗ ಜಾರುವ ದ್ರವವೇ. ಕೈಪಿಡಿಯೇ ಲಾಕರ್ ಹಾಕಲು ಹೇಳಿದ್ದರೆ ಟಾರ್ಕಿನ ಅಂಕಿಯಲ್ಲಿ ಅದರ ಲೆಕ್ಕ ಸೇರಿರುತ್ತದೆ. ಹೇಳದಿದ್ದಲ್ಲಿ ನೀವೇ ಜಾಣತನ ತೋರಿಸಬೇಡಿ. ಕೆಲವು ವಾಹನಗಳ ಬ್ರಾಕೆಟ್ ಬೋಲ್ಟುಗಳಿಗೆ ಕಾರ್ಖಾನೆಯಲ್ಲೇ ಲಾಕರಿನ ಒಣ ಪಟ್ಟಿ ಬಳಿದಿರುತ್ತಾರೆ. ಅಂಥವನ್ನು ಹಲವು ತಯಾರಕರು ಒಂದೇ ಸಲದ ಬಳಕೆಗೆ ಎನ್ನುತ್ತಾರೆ, ಹಾಗಿದ್ದರೆ ಹೊಸ ಬೋಲ್ಟು ತನ್ನಿ. ಜಿಪುಣತನ ತೋರಿಸುವ ಜಾಗ ಇದಲ್ಲ.

ಲಾಕರ್ ಬೇಕಾದ ಕಡೆ ನಾನು ಬಳಸುವುದು ಲಾಕ್ಟೈಟ್ 243, ನೀಲಿ. ಅಲ್ಪಸ್ವಲ್ಪ ಎಣ್ಣೆ ಉಳಿದಿದ್ದರೂ ಹಿಡಿಯುತ್ತದೆ, ಕೈ ಉಪಕರಣದಿಂದಲೇ ಬಿಚ್ಚಬಹುದು. ಕೆಂಪು 271 ಎಂದರೆ ಇನ್ನು ಬಿಚ್ಚುವುದೇ ಇಲ್ಲ ಎಂದು ಶಪಥ ಮಾಡಿದಂತೆ. ಅದು ಸಡಿಲವಾಗಲು 250 ಡಿಗ್ರಿಯವರೆಗೆ ಕಾಯಿಸಬೇಕು. ಬಣ್ಣವನ್ನೊಂದೇ ನಂಬಬೇಡಿ, ಎಲ್ಲ ತಯಾರಕರ ನೀಲಿಯೂ ಒಂದೇ ಗಟ್ಟಿಯಲ್ಲ, ಬಾಟಲಿಯ ಮೇಲಿನ ಬರಹ ಓದಿ. ಅಂದ ಹಾಗೆ, ಬಾಟಲಿ ಅರ್ಧ ಖಾಲಿ ಇತ್ತು, ಮೋಸ ಹೋದೆ ಎಂದು ಇಲ್ಲೇ ಯಾರೋ ಗೊಣಗಿದ್ದರು. ಅದು ಮೋಸವಲ್ಲ. ಈ ದ್ರವ ಗಟ್ಟಿಯಾಗುವುದು ಗಾಳಿ ಸಿಗದೆ ಲೋಹ ತಗುಲಿದಾಗ. ಬಾಟಲಿಯೊಳಗೆ ದ್ರವವಾಗಿಯೇ ಉಳಿಯಲು ಗಾಳಿ ಬೇಕು, ಅದಕ್ಕೇ ತುಂಬಿಸುವುದಿಲ್ಲ.

ಹಚ್ಚುವ ಮೊದಲು ಶುಚಿ. ಹಳೆಯ ಲಾಕರ್ ಹಿಟ್ಟಿನ ಹಾಗೆ ಥ್ರೆಡ್ಡಿನಲ್ಲಿ ಕೂತಿರುತ್ತದೆ. ಬೋಲ್ಟನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒಣಗಲು ಬಿಡಿ. ರಂಧ್ರಕ್ಕೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಬೇಡಿ, ಅದು ಕಸದ ಜೊತೆ ಲೋಹವನ್ನೂ ಕೆರೆಯುತ್ತದೆ. ನನ್ನ ಹತ್ತಿರ ಅದೇ ಅಳತೆಯ ಹಳೆಯ ಬೋಲ್ಟೊಂದಿದೆ. ಹ್ಯಾಕ್ಸಾದಿಂದ ಅದರ ಥ್ರೆಡ್ಡಿನ ಉದ್ದಕ್ಕೂ ಎರಡು ಸೀಳು ಹಾಕಿ, ಅಂಚಿನ ಮುಳ್ಳುಗಳನ್ನು ಅರದಿಂದ ಸವರಿದ್ದೇನೆ. ಕೈಯಲ್ಲೇ ನಿಧಾನವಾಗಿ ಒಳಗೆ ತಿರುಗಿಸಿ ಹೊರಗೆ ತೆಗೆದರೆ ಸೀಳಿನಲ್ಲಿ ಕಪ್ಪು ಪುಡಿ ತುಂಬಿಕೊಂಡು ಬರುತ್ತದೆ. ಮೂರು ಸಲ ಹಾಗೆ ಮಾಡಿದರೆ ಸಾಕು. ಆಮೇಲೆ ಲಾಕರ್ ಒಂದೆರಡು ಹನಿ ಮಾತ್ರ. ಎರಡೂ ಕಡೆ ತೆರೆದ ರಂಧ್ರವಾದರೆ ಬೋಲ್ಟಿಗೆ ಹಾಕಿ, ತಳ ಮುಚ್ಚಿದ್ದರೆ ರಂಧ್ರದ ಒಳಗೆ ತಳದ ಕಡೆ ಬಿಡಿ. ಬೋಲ್ಟಿಗೆ ಹಾಕಿದರೆ ಒಳಗೆ ಸಿಕ್ಕಿಕೊಂಡ ಗಾಳಿ ದ್ರವವನ್ನೆಲ್ಲ ಹೊರಗೆ ತಳ್ಳುತ್ತದೆ. ಪೂರ್ತಿ ಗಟ್ಟಿಯಾಗಲು 24 ಗಂಟೆ ಕೊಡಿ. ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಕೆಲವು ಬಗೆಯವು ಬಿರುಕು ಬಿಡುತ್ತವೆ.

ಈಗ ಸ್ಲೈಡ್ ಪಿನ್ನು. ಗ್ರೀಸ್ ಬೇಕಾದ ಜಾಗ ಇದೇ, ಆದರೆ ತಾಮ್ರದ್ದಲ್ಲ. ಅದರಲ್ಲಿರುವ ಖನಿಜ ಎಣ್ಣೆ ಪಿನ್ನಿನ ರಬ್ಬರ್ ಬೂಟನ್ನು (ಧೂಳು ತಡೆಯುವ ಹೊದಿಕೆ) ಉಬ್ಬಿಸುತ್ತದೆ, ಪಿನ್ನು ಸಿಕ್ಕಿಕೊಳ್ಳುತ್ತದೆ, ಒಳಗಿನ ಪ್ಯಾಡ್ ಮಾತ್ರ ಸವೆಯುತ್ತದೆ. ಬ್ರೇಕಿಗೆಂದೇ ಮಾರುವ ಸಿಲಿಕೋನ್ ಗ್ರೀಸ್ ತನ್ನಿ, ತೆಳ್ಳಗೆ ಬಳಿಯಿರಿ. ತುಂಬಿದರೆ ಗಾಳಿ ಸಿಕ್ಕಿ ಪಿನ್ನು ಹೊರಗೆ ತಳ್ಳಿಕೊಳ್ಳುತ್ತದೆ. ಎರಡು ಪಿನ್ನುಗಳಲ್ಲಿ ಒಂದಕ್ಕೆ ತುದಿಯಲ್ಲಿ ರಬ್ಬರ್ ತೋಳು ಇದ್ದರೆ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಗುರುತಿಟ್ಟುಕೊಳ್ಳಿ.

ನಿಮ್ಮ ಕೆಂಪು ಲಾಕರಿನ ಗತಿ ಏನು? ಪಿನ್ನಿನ ಷಟ್ಕೋನಕ್ಕೆ ತೆಳ್ಳನೆಯ ಸ್ಪ್ಯಾನರ್ ಕೊಟ್ಟು ಹಿಡಿದುಕೊಂಡು ಬಿಚ್ಚಲು ನೋಡಿ. ಹಿಡಿಯದಿದ್ದರೆ ಪಿನ್ನೂ ಜೊತೆಗೆ ತಿರುಗಿ ಬೂಟು ಹರಿಯುತ್ತದೆ. ಬರದಿದ್ದರೆ ದೊಡ್ಡ ಸಾಲ್ಡರಿಂಗ್ ಐರನ್ನನ್ನು ಬೋಲ್ಟಿನ ತಲೆಗೆ ಒತ್ತಿ ಕಾಯಿಸಿ. ಬ್ರೇಕ್ ಹೋಸಿನ ಪಕ್ಕದಲ್ಲಿ ಬೆಂಕಿ ಬೇಡ. ಕ್ಲೀನರ್ ಸಿಂಪಡಿಸಿದ ಜಾಗವನ್ನಂತೂ ಪೂರ್ತಿ ಆರುವ ತನಕ ಕಾಯಿಸಲೇ ಬೇಡಿ. ಬಿಚ್ಚಿದ ಮೇಲೆ ಆ ಬೂಟುಗಳನ್ನು ಮತ್ತೆ ಬಳಸಬೇಡಿ, ಶಾಖ ತಾಗಿರುತ್ತದೆ, ಗ್ರೀಸೂ ಕುಡಿದಿರುತ್ತವೆ. ಬ್ರಾಕೆಟ್ ಬೋಲ್ಟುಗಳು ಈಗಾಗಲೇ ಹೆಚ್ಚು ಎಳೆದಿರಬಹುದು, ಅವನ್ನೂ ಬದಲಿಸಿ.

ಬ್ರೇಕ್ ಹೋಸನ್ನು ಕ್ಯಾಲಿಪರಿಗೆ ಹಿಡಿಸುವ ಬ್ಯಾಂಜೊ ಬೋಲ್ಟಿಗೂ ಲಾಕರ್ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅಲ್ಲಿ ಸೋರದಂತೆ ತಡೆಯುವುದು ಹೊಸ ವಾಷರ್. ಚಕ್ರದ ನಟ್ಟಿಗೆ ಎಣ್ಣೆಯೂ ಬೇಡ, ಗ್ರೀಸೂ ಬೇಡ, ಒಣ ಬಟ್ಟೆಯಿಂದ ಒರೆಸಿ ಬಿಗಿದು 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ರೆಂಚ್ ಹಾಕಿ ನೋಡಿ. ಬ್ರಾಕೆಟ್ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಸೇರುವಂತೆ ಪೇಂಟ್ ಪೆನ್ನಿನ ಒಂದು ಗೆರೆ ಎಳೆದಿಡಿ. ಮುಂದೆ ಟೈರಿಗೆ ಗಾಳಿ ಹಾಕಿಸಲು ಬಗ್ಗಿದಾಗ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟರೆ ಗೆರೆ ಮುರಿದಿದೆಯೋ ಇಲ್ಲವೋ ಕಾಣುತ್ತದೆ.