ಬರೋಕ್ ಚರ್ಚ್ ಚಿತ್ರಗಳಲ್ಲಿ ಆ ಕತ್ತಲೆ, ಆ ಬೆಳಕು ಹೇಗೆ ಬಂತು?

ಬರೋಕ್ ಅಂದರೆ ಹದಿನೇಳನೇ ಶತಮಾನದ ಯುರೋಪಿನ ನಾಟಕೀಯ ಕಲಾಶೈಲಿ. ಆ ಚಿತ್ರಕಾರರು ಮೊದಲು ಕಪ್ಪು ಬಳಿದು ಅದರ ಮೇಲೆ ಬರೆಯುತ್ತಿದ್ದರಾ, ಮೈಕೆಲಸ ಎಷ್ಟಿರುತ್ತಿತ್ತು ಅಂತ ಕೇಳಿದ್ದೀರಿ. ನಾನು ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುವವಳು, ಬಣ್ಣ ಅರೆದೂ ನೋಡಿದ್ದೇನೆ. ನನ್ನ ಪ್ರಕಾರ ಜಾಸ್ತಿ ದುಡಿಮೆ ಬೇಡಿದ್ದು ಕತ್ತಲೆಯಲ್ಲ, ಬೆಳಕು.

ಇಟಲಿಯ ಚಿತ್ರಕಾರ ಕ್ಯಾರವಾಜ್ಜೊ 1608ರಲ್ಲಿ ಮಾಲ್ಟಾ ದ್ವೀಪದಲ್ಲಿ ಬರೆದ, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರ ನೋಡಿ. ಎತ್ತರ ಸುಮಾರು 3.6 ಮೀಟರ್, ಅಗಲ 5 ಮೀಟರಿಗೂ ಜಾಸ್ತಿ. ಇಂಥ ಅಳತೆಗೆ ಕ್ಯಾನ್ವಾಸ್ ಬಟ್ಟೆಯ ಪಟ್ಟಿಗಳನ್ನು ಹೊಲಿದು ಸೇರಿಸಬೇಕು. ಚೌಕಟ್ಟಿಗೆ ಬಿಗಿದು ಸರೇಸು ಅನ್ನೋ ಅಂಟು ಹಚ್ಚಬೇಕು. ಅದರ ಮೇಲೆ ಕಪ್ಪಲ್ಲ, ಕಂದು ತಳಬಣ್ಣ. ಈ ಕಂದನ್ನೇ ಆತ ಎಷ್ಟೋ ಕಡೆ ಹಾಗೇ ಬಿಟ್ಟಿದ್ದಾನೆ, ಇಲ್ಲವೇ ತೆಳುವಾಗಿ ಸವರಿದ್ದಾನೆ. ಚಿತ್ರದ ಅರ್ಧದಷ್ಟು ಬರೀ ಜೈಲಿನ ಗೋಡೆ. ಅಲ್ಲಿ ಹೆಚ್ಚು ಕೆಲಸವೇ ಇಲ್ಲ, ಆದರೂ ಎದೆ ಝಲ್ ಅನ್ನುತ್ತದೆ.

ಬೆಳಕಿನ ಕಥೆ ಬೇರೆ. ಚಿತ್ರದಲ್ಲಿನ ಜನರ ಮೈ, ಉಡುಪು ಹೊಳೆಯುವುದು ಸೀಸದಿಂದ ಮಾಡಿದ ಬಿಳಿ ಬಣ್ಣದಿಂದ. ಸೀಸದ ಹಾಳೆಗಳನ್ನು ವಿನೆಗರ್ ಇದ್ದ ಮಡಕೆಗಳಲ್ಲಿಟ್ಟು, ಲದ್ದಿಯಲ್ಲಿ ವಾರಗಟ್ಟಲೆ ಹೂತಿಡುತ್ತಿದ್ದರು. ಲದ್ದಿಯ ಕಾವಿಗೆ ಸೀಸದ ಮೇಲೆ ಬಿಳಿ ಪದರ ಕಟ್ಟುತ್ತಿತ್ತು. ಅದನ್ನು ಕೆರೆದು, ತೊಳೆದು, ಪುಡಿ ಮಾಡಬೇಕು. ಅಪ್ಪಟ ವಿಷ ಅದು! ಆಮೇಲೆ ಕಲ್ಲಿನ ಮೇಲೆ ಅಗಸೆ ಎಣ್ಣೆಯೋ ಅಕ್ರೋಟದ ಎಣ್ಣೆಯೋ ಹಾಕಿ, ಗುಂಡುಕಲ್ಲಿನಿಂದ ಅರೆಯುವುದು. ಸ್ವಲ್ಪ ಹೊತ್ತಿಗೇ ರಟ್ಟೆ ಬಿದ್ದುಹೋಗುತ್ತದೆ. ಕಾರ್ಯಾಗಾರಗಳಲ್ಲಿ ಈ ಕೆಲಸ ಹೆಚ್ಚಾಗಿ ಕಲಿಯುವ ಹುಡುಗರ ಪಾಲಿಗೆ ಬರುತ್ತಿತ್ತು. ಅವರ ಹೆಸರು ಯಾವ ಚಿತ್ರದ ಕೆಳಗೂ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಕ್ಯಾರವಾಜ್ಜೊ ರೂಪದರ್ಶಿಗಳನ್ನು ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ, ಮೇಲಿನಿಂದ ಒಂದೇ ಬೆಳಕು ಬೀಳುವಂತೆ ಮಾಡುತ್ತಿದ್ದ ಅಂತ ಆ ಕಾಲದವರೇ ಬರೆದಿದ್ದಾರೆ. 1605ರಲ್ಲಿ ರೋಮಿನ ಮನೆ ಮಾಲಕಿ, ಬಾಡಿಗೆ ಬಾಕಿ ಜೊತೆಗೆ ಚಾವಣಿ ಹಾಳು ಮಾಡಿದ್ದಕ್ಕೂ ಅವನ ಮೇಲೆ ದೂರು ಕೊಟ್ಟಳು. ಬೆಳಕಿಗಾಗಿಯೇ ಚಾವಣಿ ತೆಗೆಸಿರಬೇಕು ಅಂತ ಕೆಲವು ವಿದ್ವಾಂಸರ ಊಹೆ. ನನಗೂ ಹಾಗೇ ಅನಿಸುತ್ತದೆ. ಅವನ ರೇಖಾಚಿತ್ರ ಒಂದೂ ಸಿಕ್ಕಿಲ್ಲ. ಹಸಿ ತಳಬಣ್ಣದ ಮೇಲೆ ಕುಂಚದ ಹಿಡಿಯಿಂದ ಗೀರಿ, ತಲೆ ಎಲ್ಲಿ, ತೋಳು ಎಲ್ಲಿ ಅಂತ ಗುರುತು ಮಾಡಿಕೊಳ್ಳುತ್ತಿದ್ದ. ಆ ಗೀರುಗಳು ಓರೆ ಬೆಳಕಿನಲ್ಲಿ ಈಗಲೂ ಕಾಣುತ್ತವೆ.

ಎಣ್ಣೆಬಣ್ಣ ನೀರಿನ ಹಾಗೆ ಆರುವುದಿಲ್ಲ, ಅಲ್ವಾ? ಗಾಳಿಯ ಆಮ್ಲಜನಕ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಪದರದಿಂದ ಪದರಕ್ಕೆ ಕಾಯಬೇಕು. ಇಷ್ಟಾದ ಮೇಲೂ ಮನಸ್ಸಿಗೆ ಒಪ್ಪದಿದ್ದರೆ ಮತ್ತೆ ಮೊದಲಿನಿಂದ. ಬಿಳಿ ಬಣ್ಣದ ಸೀಸ ಎಕ್ಸ್‌-ರೇ ತಡೆಯುವುದರಿಂದ, ಅದನ್ನು ಹಚ್ಚಿದ ಜಾಗ ಎಕ್ಸ್‌-ರೇ ಚಿತ್ರದಲ್ಲಿ ಎದ್ದು ಕಾಣುತ್ತದೆ; ಹಾಗಾಗಿ ಅಡಿಯಲ್ಲಿರುವುದು ಈಗ ಗೊತ್ತಾಗುತ್ತದೆ. ರೋಮಿನ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನಲ್ಲಿರುವ ಕ್ಯಾರವಾಜ್ಜೊನ ಇನ್ನೊಂದು ಚಿತ್ರ, ಯೇಸುವಿನ ಶಿಷ್ಯ ಸಂತ ಮತ್ತಾಯನ ಹತ್ಯೆಯದ್ದು. ಅದರ ಬಣ್ಣದ ಅಡಿಯಲ್ಲಿ, ಚಿಕ್ಕ ಆಕೃತಿಗಳ ಬೇರೆಯೇ ಒಂದು ಚಿತ್ರ ಅಡಗಿದೆ. ಅದನ್ನು ಕೈಬಿಟ್ಟು, ಅದೇ ಬಟ್ಟೆಯ ಮೇಲೆ ಆತ ಇನ್ನೊಮ್ಮೆ ಬರೆದ.