ನೆಲ ಹಲಸು, ಕಪಾಟು ತೇಗ: ಬಣ್ಣ ಹೊಂದಿಸುವುದು ಹೇಗೆ?

ಪ್ರಶ್ನೆ: ನಮ್ಮ ಉಪ್ಪರಿಗೆಯಲ್ಲಿ ಅಜ್ಜನ ಕಾಲದ ಹಲಸಿನ ಹಲಗೆಯ ನೆಲವಿದೆ. ಈಗ ಕೆಂಪುಗಂದು ಬಣ್ಣಕ್ಕೆ ತಿರುಗಿದೆ. ಅದೇ ಕೋಣೆಗೆ ತೇಗದ ವೆನೀರ್ (ತೆಳ್ಳಗಿನ ಮರದ ಹಾಳೆ) ಹಾಕಿದ ಪ್ಲೈವುಡ್ ಕಪಾಟು ಮಾಡಿಸುತ್ತಿದ್ದೇವೆ. ಒಂದು ಬಾಗಿಲಿಗೆ ವಾಲ್‌ನಟ್ ಸ್ಟೇನ್ (ಮರಕ್ಕೆ ಕಂದು ಬಣ್ಣ ಕೊಡುವ ದ್ರಾವಣ) ಹಾಕಿ ಪಾಲಿಶ್ ಮಾಡಿದರು. ಮಂಕಾಗಿ ಕಾಣುತ್ತದೆ. ಮೇಲೆ ಇನ್ನೊಂದು ಕೋಟ್ ಸ್ಟೇನ್ ಹಾಕಿಸಲೇ? ಇಲ್ಲ, ನೆಲವನ್ನೇ ಉಜ್ಜಿಸಿ ಎರಡಕ್ಕೂ ಒಂದೇ ಸ್ಟೇನ್ ಕೊಡಿಸಲೇ?
– ಓದುಗರೊಬ್ಬರು, ಸಾಗರ

ಉತ್ತರ: ದಯವಿಟ್ಟು ನೆಲ ಮುಟ್ಟಬೇಡಿ. ಹಲಸು ಕೊಯ್ದಾಗ ಅರಿಶಿನ ಬಣ್ಣ ಇರುತ್ತದೆ. ಗಾಳಿ ಬೆಳಕಿಗೆ ವರ್ಷಗಟ್ಟಲೆ ಮಾಗಿ ಈ ಕೆಂಪು ಬಂದಿರುವುದು. ಮಷಿನ್ ಹಿಡಿದು ಉಜ್ಜಿದರೆ ಒಳಗಿನ ಹಳದಿ ಮೇಲೆ ಬರುತ್ತದೆ. ಅಷ್ಟು ಚಂದದ ಬಣ್ಣವನ್ನು ಯಾವ ಡಬ್ಬದಿಂದಲೂ ತರಲು ಆಗುವುದಿಲ್ಲ. ಪಾಲಿಶ್ ಕೆಲಸದಲ್ಲಿರುವ ನನಗೆ ಇಂಥ ನೆಲ ಉಜ್ಜಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸ್ಟೇನ್ ಪೇಂಟಿನ ಹಾಗಲ್ಲ, ಕೆಳಗಿನ ಮರ ಕಾಣುತ್ತಲೇ ಇರುತ್ತದೆ. ಹಾಗಾಗಿ ಒಂದೇ ಸ್ಟೇನ್ ತೇಗದ ಮೇಲೆ ಒಂದು ಬಣ್ಣ, ಹಲಸಿನ ಮೇಲೆ ಇನ್ನೊಂದು. ಪಾಲಿಶ್ ಆದ ಬಾಗಿಲಿನ ಮೇಲೆ ಮತ್ತೆ ಸ್ಟೇನ್ ಒರೆಸಿದರೆ ಮರ ಹೀರುವುದೇ ಇಲ್ಲ. ಪಾಲಿಶ್ ತೆಗೆಯಲು ಜಾಸ್ತಿ ಉಜ್ಜಿದರೆ ವೆನೀರ್ ಹರಿದು ಪ್ಲೈ ಕಾಣುತ್ತದೆ. ಆ ಬಾಗಿಲು ಸದ್ಯಕ್ಕೆ ಪಕ್ಕಕ್ಕಿರಲಿ.

ನಿಮ್ಮ ಕಪಾಟಿಗೆ ಬೇಕಾದದ್ದು ಕೆಂಪಿನ ಛಾಯೆ. ಅದೇ ವೆನೀರ್ ಹಾಳೆಯ ತುಂಡುಗಳಿದ್ದರೆ ಬಡಗಿಯಿಂದ ಕೇಳಿ ಪಡೆಯಿರಿ. ಮೊದಲು 180, ಆಮೇಲೆ 220 ನಂಬರಿನ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಉಜ್ಜಿ. ಬಾಗಿಲುಗಳಿಗೂ ಅದೇ ನಂಬರ್ ಇರಲಿ, ಯಾಕೆಂದರೆ ಒರಟು ಮರ ಸ್ಟೇನ್ ಜಾಸ್ತಿ ಕುಡಿದು ಕಪ್ಪಾಗುತ್ತದೆ. ವಾಲ್‌ನಟ್‌ಗೆ ಸ್ವಲ್ಪ ಸ್ವಲ್ಪವೇ ಕೆಂಪು ಛಾಯೆಯ ಮಹಾಗನಿ ಸ್ಟೇನ್ ಬೆರೆಸಿ ಮೂರ್ನಾಲ್ಕು ಮಾದರಿ ಮಾಡಿಸಿ. ಅಳತೆ ಬರೆದಿಡಿ. ಸೀಲರ್ (ಮರದ ರಂಧ್ರ ಮುಚ್ಚುವ ಕೋಟ್), ಮೇಲಿನ ಕೋಟ್ ಎಲ್ಲಾ ಮುಗಿದ ಮೇಲೆಯೇ ಬಣ್ಣ ತೀರ್ಮಾನಿಸಿ. ಬರೀ ಸ್ಟೇನ್ ಒಣಗಿದಾಗ ಕಾಣುವ ಬಣ್ಣವನ್ನು ನಂಬಬೇಡಿ.

ತುಂಡನ್ನು ನೆಲದ ಮೇಲೆ ಮಲಗಿಸಿ ನೋಡಬೇಡಿ. ಕಪಾಟು ನಿಲ್ಲುವ ಜಾಗದಲ್ಲಿ ನಿಲ್ಲಿಸಿ, ಬೆಳಗ್ಗೆ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಬಿಳಿ ಎಲ್‌ಇಡಿ ಕೆಳಗೆ ಕೆಂಪು ಸತ್ತ ಹಾಗೆ ಕಾಣುತ್ತದೆ.

ನೆಲದ ಬಣ್ಣವೇ ಬರಬೇಕೆಂಬ ಹಟ ಬಿಡಿ. ಹೊಸ ತೇಗ ಬಿಸಿಲಿಗೆ ಬಣ್ಣ ಬದಲಿಸುತ್ತದೆ, ಇವತ್ತಿನ ಹೊಂದಿಕೆ ಹಾಗೇ ಉಳಿಯುವುದಿಲ್ಲ. ಅದೇ ಕೆಂಪು, ಆದರೆ ನೆಲಕ್ಕಿಂತ ಒಂದೆರಡು ಛಾಯೆ ತಿಳಿ. ನನ್ನ ಆಯ್ಕೆ ಅದು. ತಿಳಿಯಾದದ್ದನ್ನು ಗಾಢ ಮಾಡಬಹುದು, ಗಾಢವಾದದ್ದನ್ನು ತಿಳಿ ಮಾಡುವುದು ಬಹಳ ಕಷ್ಟ.